ಹಳೆಯ ಅನಿಲ ವಿದ್ಯುತ್ ಸ್ಥಾವರದ ಇಂಗಾಲದ ಲೆಕ್ಕ ಹಾಕುವ ಬಗೆ

ರಾಜಸ್ಥಾನದ ಅಂತಾ ಸ್ಥಾವರವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. 1989ರಲ್ಲಿ ಉತ್ಪಾದನೆ ಆರಂಭಿಸಿದ ಕೇಂದ್ರ ಸರ್ಕಾರಿ ವಿದ್ಯುತ್ ಕಂಪನಿ ಎನ್‌ಟಿಪಿಸಿಯ ಈ ಸ್ಥಾವರದಲ್ಲಿ ತಲಾ 88.71 ಮೆಗಾವಾಟ್‌ನ ಮೂರು ಗ್ಯಾಸ್ ಟರ್ಬೈನ್‌ಗಳೂ, ಅವು ಹೊರಬಿಡುವ ಬಿಸಿ ಹೊಗೆಯಿಂದ ಹುಟ್ಟುವ ಹಬೆಯಲ್ಲಿ ತಿರುಗುವ 153.2 ಮೆಗಾವಾಟ್‌ನ ಒಂದು ಸ್ಟೀಮ್ ಟರ್ಬೈನೂ ಇವೆ.

ಮೊದಲು ಬೇಕಾಗುವುದು ಹೀಟ್ ರೇಟ್, ಅಂದರೆ ಒಂದು ಯೂನಿಟ್ ವಿದ್ಯುತ್ತಿಗೆ ಸುಡಬೇಕಾದ ಇಂಧನದ ಶಾಖ. ಸ್ಥಾವರದ ವಯಸ್ಸು ಲೆಕ್ಕದೊಳಗೆ ಬರುವುದು ಇದರ ಮೂಲಕವೇ. ಗ್ಯಾಸ್ ಟರ್ಬೈನ್‌ಗೆ ಗಾಳಿ ಒತ್ತಿ ಕೊಡುವ ಕಂಪ್ರೆಸರಿನ ಅಲಗುಗಳ ಮೇಲೆ ಕೂತ ಧೂಳು ತೊಳೆದರೆ ಹೋಗುತ್ತದೆ. ಅಲಗಿನ ತುದಿ ಸವೆದು ಕವಚದ ನಡುವೆ ಅಗಲವಾದ ಸಂದು ತೊಳೆಯುವುದರಿಂದ ಮುಚ್ಚುವುದಿಲ್ಲ, ಹೀಟ್ ರೇಟ್ ಏರಿಯೇ ಇರುತ್ತದೆ. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗವು 2014–19ರ ಅವಧಿಗೆ ಅಂತಾ ಸ್ಥಾವರಕ್ಕೆ ಗೊತ್ತುಪಡಿಸಿದ್ದ ಪ್ರಮಾಣ ಯೂನಿಟ್‌ಗೆ ಕಂಬೈನ್ಡ್ ಸೈಕಲ್‌ನಲ್ಲಿ (ಎರಡೂ ಬಗೆಯ ಟರ್ಬೈನ್ ಸೇರಿ ಓಡುವಾಗ) 2,075 ಕಿಲೋಕ್ಯಾಲೊರಿ, ಓಪನ್ ಸೈಕಲ್‌ನಲ್ಲಿ (ಗ್ಯಾಸ್ ಟರ್ಬೈನ್ ಮಾತ್ರ ಓಡುವಾಗ) 3,010 ಕಿಲೋಕ್ಯಾಲೊರಿ. ನಿಮ್ಮ ಬಳಿ ಅಳೆದ ಅಂಕಿ ಇದ್ದರೆ ಅದನ್ನೇ ಬಳಸಿ.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಆಯೋಗದ ಅಂಕಿಗಳು ಅನಿಲದ ಒಟ್ಟು ಶಾಖಮೌಲ್ಯವನ್ನು ಆಧರಿಸಿವೆ, ಆದರೆ ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿ ನೀಡುವ ಗುಣಕ, ಅಂದರೆ ಪ್ರತಿ ಮೆಗಾಜೂಲ್‌ಗೆ 56.1 ಗ್ರಾಂ ಇಂಗಾಲದ ಡೈಆಕ್ಸೈಡ್ ಎಂಬುದು, ಹೊಗೆಯಲ್ಲಿ ನೀರಾವಿಯೊಡನೆ ಹೋಗುವ ಶಾಖವನ್ನು ಕಳೆದ ನಿವ್ವಳ ಮೌಲ್ಯಕ್ಕೆ ಸೇರಿದ್ದು. ಆದ್ದರಿಂದ ಕಿಲೋಕ್ಯಾಲೊರಿಯನ್ನು 0.0041868ರಿಂದ ಗುಣಿಸಿ ಮೆಗಾಜೂಲ್ ಮಾಡಿಕೊಂಡು, ನಿವ್ವಳಕ್ಕೆ ಇಳಿಸಲು ಮತ್ತೆ 0.9ರಿಂದ ಗುಣಿಸಿದ ಮೇಲೆಯೇ 56.1 ಅನ್ನು ಬಳಸಬೇಕು. ಕಂಬೈನ್ಡ್ ಸೈಕಲ್‌ಗೆ ಯೂನಿಟ್‌ಗೆ ಸುಮಾರು 439 ಗ್ರಾಂ, ಓಪನ್ ಸೈಕಲ್‌ಗೆ 636 ಗ್ರಾಂ ಬರುತ್ತದೆ. 0.9 ಬಿಟ್ಟುಹೋದರೆ ಉತ್ತರ ಶೇ 11ರಷ್ಟು ಉಬ್ಬುತ್ತದೆ.

ಈ ಎರಡು ಅಂಕಿಗಳ ಅಂತರವನ್ನು ಹಗುರವಾಗಿ ಕಾಣಬಾರದು. ಸಂಜೆಯ ಬೇಡಿಕೆಗೆಂದು ಆಗಾಗ ಹೊತ್ತಿಸಿ ಆರಿಸುವ ಸ್ಥಾವರದಲ್ಲಿ ಹಬೆ ಹುಟ್ಟಿಸುವ ಬಾಯ್ಲರ್ ಬಿಸಿಯಾಗುವವರೆಗೆ ಗ್ಯಾಸ್ ಟರ್ಬೈನ್ ಒಂಟಿಯಾಗಿಯೇ ಓಡುತ್ತದೆ. ಐದರಲ್ಲೊಂದು ಪಾಲು ಯೂನಿಟ್‌ಗಳು ಹಾಗೆ ಹುಟ್ಟಿದರೂ ಸರಾಸರಿ 478 ಗ್ರಾಂಗೆ ಏರುತ್ತದೆ. ನನ್ನ ದೃಷ್ಟಿಯಲ್ಲಿ ವಯಸ್ಸಿಗಿಂತ ಈ ಓಡಿಸುವ ರೀತಿಯನ್ನೇ ಮೊದಲು ವಿಚಾರಿಸಬೇಕು.

ಸ್ಥಾವರದ ಸ್ವಂತ ಬಳಕೆ ಶೇ 2.5 ಎಂದಿಟ್ಟುಕೊಂಡು 0.975ರಿಂದ ಭಾಗಿಸಿದರೆ ಗ್ರಿಡ್‌ಗೆ ತಲಪುವ ಯೂನಿಟ್‌ನ ಲೆಕ್ಕ ಸಿಗುತ್ತದೆ: 439 ಇದ್ದದ್ದು 450 ಆಗುತ್ತದೆ, ಹಾಗಾಗಿ 10 ಕೋಟಿ ಯೂನಿಟ್‌ಗೆ 45,000 ಟನ್. ಕೊಳವೆ ಮಾರ್ಗದಲ್ಲಿ ಸೋರುವ ಮೀಥೇನ್ ಇದರಲ್ಲಿ ಇಲ್ಲ. ಅದನ್ನು ಸೇರಿಸುವುದಾದರೆ ನೂರು ವರ್ಷದ ಅಳತೆಯಲ್ಲಿ ಪ್ರತಿ ಕಿಲೋ ಮೀಥೇನ್ ಸುಮಾರು 30 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ ಎಂದು ಪ್ರತ್ಯೇಕ ಸಾಲಿನಲ್ಲಿ ತೋರಿಸಿ.

ಕೊನೆಗೆ ಅನಿಲ ಖರೀದಿಯ ಬಿಲ್ಲಿನೊಡನೆ ತಾಳೆ ನೋಡಿ. ಒಂದು ಸ್ಟ್ಯಾಂಡರ್ಡ್ ಘನ ಮೀಟರ್ ಅನಿಲ ಉರಿದರೆ ಹೆಚ್ಚುಕಡಿಮೆ 2 ಕಿಲೋ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಎರಡು ಮೊತ್ತಗಳ ನಡುವೆ ದೊಡ್ಡ ಅಂತರ ಕಂಡರೆ ಬಿಲ್ಲನ್ನು ನಂಬಿ, ಹೀಟ್ ರೇಟನ್ನು ಮತ್ತೆ ಪರಿಶೀಲಿಸಿ.