ಹಳೆಯ ಕಥಾಪಾತ್ರದಿಂದ ಹೊಸ ಕಾಮಿಕ್ ಪಾತ್ರವನ್ನು ರೂಪಿಸುವ ಬಗೆ

ಕಾಮಿಕ್ ಸ್ಟ್ರಿಪ್‌ಗಾಗಿ, ಅಂದರೆ ಪತ್ರಿಕೆಯಲ್ಲಿ ಕಂತುಕಂತಾಗಿ ಬರುವ ಚಿತ್ರಕಥೆಗಾಗಿ, ಪಾತ್ರವೊಂದನ್ನು ಹುಡುಕುವವರು ತಾವು ಮೆಚ್ಚಿದ ಹಳೆಯ ಕಥಾಪಾತ್ರದತ್ತ ತಿರುಗುವುದು ಸಹಜ, ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಆದರೆ ಆ ಪಾತ್ರದಿಂದ ಏನನ್ನು ತೆಗೆದುಕೊಳ್ಳಬೇಕು ಎಂಬಲ್ಲಿ ಬಹಳಷ್ಟು ಮಂದಿ ಎಡವುತ್ತಾರೆ. ಮುಖವಾಡ, ಟೋಪಿ, ಮೀಸೆಗಳು ಮೊದಲು ಕಣ್ಣಿಗೆ ಬೀಳುವುದರಿಂದ ಅವನ್ನೇ ಎತ್ತಿಕೊಂಡು, ಪಾತ್ರವನ್ನು ಒಳಗಿನಿಂದ ನಡೆಸುತ್ತಿದ್ದ ಒತ್ತಡವನ್ನು ಅಲ್ಲಿಯೇ ಬಿಟ್ಟುಬರುತ್ತಾರೆ.

ಆದ್ದರಿಂದ ಪೆನ್ಸಿಲ್ ಹಿಡಿಯುವ ಮೊದಲು, ನೀವು ಆರಿಸಿಕೊಂಡ ಪಾತ್ರದ ಹೆಸರು ಮತ್ತು ವೇಷಗಳನ್ನು ಬಿಟ್ಟು ಅದನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಜಾನ್‌ಸ್ಟನ್ ಮೆಕ್‌ಕಲಿ 1919ರಲ್ಲಿ ಸೃಷ್ಟಿಸಿದ, ಕತ್ತಿ ಹಿಡಿದು ಕುದುರೆಯೇರಿ ಬರುವ ಮುಖವಾಡದ ವೀರ ಜೋರೋನನ್ನು ‘ಎಲ್ಲರೆದುರು ಕೈಲಾಗದವನಂತೆ ನಟಿಸುವ ಸಿರಿವಂತನೊಬ್ಬ ಮುಖ ಮರೆಸಿಕೊಂಡು ಅನ್ಯಾಯದ ವಿರುದ್ಧ ಹೋರಾಡುತ್ತಾನೆ’ ಎಂದು ಬರೆಯಬಹುದು. ಇಲ್ಲಿ ಕತ್ತಿಯೂ ಇಲ್ಲ, ಕುದುರೆಯೂ ಇಲ್ಲ. 1939ರಲ್ಲಿ ಬಾಬ್ ಕೇನ್ ಮತ್ತು ಬಿಲ್ ಫಿಂಗರ್ ರೂಪಿಸಿದ ಬ್ಯಾಟ್‌ಮ್ಯಾನ್ ನಿಂತಿರುವುದೂ ಬಹುಪಾಲು ಇದೇ ವಾಕ್ಯದ ಮೇಲೆ. ಆದರೆ ಅವರು ಅದನ್ನು ಆಧುನಿಕ ನಗರಕ್ಕೆ ತಂದರು. ಕಣ್ಣೆದುರೇ ತಂದೆತಾಯಿಯ ಕೊಲೆ ಕಂಡ ಬಾಲಕನ ನೋವನ್ನು ಅದಕ್ಕೆ ಸೇರಿಸಿದರು. ನಿಮ್ಮ ವಾಕ್ಯದಲ್ಲೂ ಇಂಥ ಒಂದು ಸಂಗತಿ ನಿಮ್ಮದೇ ಆಗಿರಬೇಕು.

ಮುಂದಿನ ಹೆಜ್ಜೆಗೆ ಹೆಚ್ಚು ಸಮಯ ಕೊಡಿ. ಪುಸ್ತಕದ ಪಾತ್ರಕ್ಕೆ ಕೊನೆಯ ಪುಟವೊಂದು ಇರುತ್ತದೆ. ಸ್ಟ್ರಿಪ್‌ನ ಪಾತ್ರವಾದರೋ ಮುಂದಿನ ವಾರ ಮತ್ತೆ ಬರಲೇಬೇಕು. ಜರ್ಮನಿಯ ವಿಲ್ಹೆಲ್ಮ್ ಬುಷ್ 1865ರಲ್ಲಿ ಪದ್ಯ ಮತ್ತು ಚಿತ್ರಗಳಲ್ಲಿ ಹೇಳಿದ ‘ಮ್ಯಾಕ್ಸ್ ಉಂಡ್ ಮೊರಿಟ್ಜ್’ ಕಥೆಯ ಇಬ್ಬರು ತುಂಟರು, ಅಡ್ಡಡ್ಡ ಕಟ್ಟಿದ ದಾರದ ತುದಿಗಳಿಗೆ ಬ್ರೆಡ್ಡಿನ ಚೂರುಗಳನ್ನು ಬಿಗಿದು ವಿಧವೆ ಬೋಲ್ಟೆಯ ಕೋಳಿಗಳಿಗೆ ಒಡ್ಡುತ್ತಾರೆ. ನುಂಗಿದ ಕೋಳಿಗಳು ಒಂದಕ್ಕೊಂದು ಸಿಕ್ಕಿಕೊಂಡು ಒದ್ದಾಡಿ ಸಾಯುತ್ತವೆ. ಏಳನೆಯ ಕಿಡಿಗೇಡಿತನದ ಕೊನೆಗೆ ಆ ಹುಡುಗರನ್ನೇ ಗಿರಣಿಗೆ ಹಾಕಿ ಬೀಸಲಾಗುತ್ತದೆ, ಉದುರಿದ ನುಚ್ಚನ್ನು ಬಾತುಗಳು ತಿಂದು ಮುಗಿಸುತ್ತವೆ. 1897ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದಕ್ಕಾಗಿ ರುಡಾಲ್ಫ್ ಡರ್ಕ್ಸ್ ಇದೇ ಜೋಡಿಯ ಪ್ರೇರಣೆಯಿಂದ ‘ಕ್ಯಾಟ್ಜನ್‌ಜಾಮರ್ ಕಿಡ್ಸ್’ ಆರಂಭಿಸಿದಾಗ ತುಂಟತನವನ್ನು ಉಳಿಸಿಕೊಂಡು ಗಿರಣಿಯನ್ನು ಕೈಬಿಟ್ಟರು. ಅವರ ಹ್ಯಾನ್ಸ್ ಮತ್ತು ಫ್ರಿಟ್ಜ್‌ಗೆ ಸಾಮಾನ್ಯವಾಗಿ ಸಿಗುವುದು ಹಿಂಬದಿಗೆ ಬೀಳುವ ಏಟು. ಏಟಿನ ಉರಿ ವಾರದೊಳಗೆ ಆರುತ್ತದೆ, ಹುಡುಗರು ಮತ್ತೊಂದು ಕಿತಾಪತಿಗೆ ಸಿದ್ಧರಾಗುತ್ತಾರೆ. ಎಷ್ಟು ಚಿಕ್ಕ ಬದಲಾವಣೆ! ಆದರೂ ಪುಸ್ತಕದ ಪಾತ್ರವನ್ನು ಸ್ಟ್ರಿಪ್‌ನ ಪಾತ್ರವಾಗಿಸಿದ್ದು ಮುಖ್ಯವಾಗಿ ಅದೇ ಎಂದು ನಾನು ನಂಬುತ್ತೇನೆ. ನಿಮ್ಮ ಪಾತ್ರದ ಮೂಲಕಥೆ ಮರಣದಲ್ಲೋ ಮದುವೆಯಲ್ಲೋ ಮುಗಿಯುವಂತಿದ್ದರೆ, ಪ್ರತಿ ಸಲವೂ ತೀರಿ ಮತ್ತೆ ಹುಟ್ಟಬಲ್ಲ ಚಿಕ್ಕ ಫಲವೊಂದನ್ನು ಅದರ ಜಾಗಕ್ಕೆ ತನ್ನಿ.

ಒಂದೇ ಮೂಲವನ್ನು ನೆಚ್ಚಿಕೊಂಡರೆ ನಕಲಿನ ವಾಸನೆ ಬೇಗ ಹೊಡೆಯುತ್ತದೆ. ಸ್ಟಾನ್ ಲೀ ಮತ್ತು ಜ್ಯಾಕ್ ಕರ್ಬಿ 1962ರಲ್ಲಿ ದೈತ್ಯನಾಗಿ ಮಾರ್ಪಡುವ ವಿಜ್ಞಾನಿ ಹಲ್ಕ್‌ನನ್ನು ತಂದಾಗ, ಎರಡು ಹಳೆಯ ಕಥೆಗಳಿಂದ ವಿಜ್ಞಾನಿ ಫ್ರಾಂಕನ್‌ಸ್ಟೈನ್ ಸೃಷ್ಟಿಸಿದ, ಜನ ಬೆನ್ನಟ್ಟುವ ಜೀವಿಯನ್ನೂ ಒಂದೇ ದೇಹದಲ್ಲಿ ಇಬ್ಬರಾಗಿ ಬಾಳುವ ಜೆಕಿಲ್ ಮತ್ತು ಹೈಡ್‌ರನ್ನೂ ಕೂಡಿಸಿದ್ದರು. ಹೀಗೆ ಬೇರೆ ಕಥೆಯಿಂದ ಎರಡನೆಯ ಪೂರ್ವಜನನ್ನು ಕರೆತನ್ನಿ. ಇಬ್ಬರ ಸ್ವಭಾವಗಳು ಘರ್ಷಿಸುವ ಕಡೆಯಲ್ಲೇ ನಿಮಗೆ ಕಥೆಗಳು ಸಿಗುತ್ತವೆ.

ಇನ್ನು ಚಿತ್ರ. ಪಾತ್ರದ ಹೊರರೇಖೆಯೊಳಗೆ ಪೂರ್ತಿ ಕಪ್ಪು ತುಂಬಿ ನೋಡಿ. ಆ ನೆರಳಿನಲ್ಲಿ ಹಳೆಯ ಪಾತ್ರವೇ ಗುರುತು ಸಿಕ್ಕರೆ ದೇಹದ ಅಳತೆಗಳನ್ನೇ ಬದಲಿಸಬೇಕು. ಹಕ್ಕುಸ್ವಾಮ್ಯ ಇನ್ನೂ ಚಾಲ್ತಿಯಲ್ಲಿರುವ ಪಾತ್ರದ ಹೆಸರು ಮತ್ತು ರೂಪಗಳಿಂದಂತೂ ದೂರವಿರುವುದು ಲೇಸು.

ಕೊನೆಯದಾಗಿ, ನಾಲ್ಕು ಚೌಕಟ್ಟುಗಳ ಸ್ಟ್ರಿಪ್ ಒಂದನ್ನು ಬರೆದು, ನಿಮ್ಮ ಪಾತ್ರದ ಜಾಗದಲ್ಲಿ ಮೂಲಪಾತ್ರವನ್ನು ನಿಲ್ಲಿಸಿ ಮಾತುಗಳನ್ನು ಗಟ್ಟಿಯಾಗಿ ಓದಿ. ಒಂದು ಮಾತೂ ಅಸಹಜವೆನಿಸದಿದ್ದರೆ ನೀವು ಬದಲಿಸಿರುವುದು ಬಟ್ಟೆಯನ್ನು ಮಾತ್ರ. ಮೊದಲು ಬರೆದ ಆ ಒಂದು ವಾಕ್ಯಕ್ಕೆ ಮರಳಿ, ಅಲ್ಲಿಂದಲೇ ತಿದ್ದಲು ತೊಡಗಿ.