ಪಿಯಾನೊ ಕವರ್ ವಿಡಿಯೋದಲ್ಲಿ ಸೌಂಡು ಬರ್ತಾ ಬರ್ತಾ ಹಿಂದೆ ಬೀಳ್ತಿದ್ರೆ

ತುಮಕೂರಲ್ಲಿ ಬಿ.ಹೆಚ್. ರೋಡ್ ಹತ್ರ ಮನೆ, ಮೈಕ್ ಇಟ್ರೆ ಬಸ್ ಹಾರನ್ನೇ ಜಾಸ್ತಿ ಬರತ್ತೆ. ಅದಕ್ಕೆ ಡಿಜಿಟಲ್ ಪಿಯಾನೊ ಲೈನ್ ಔಟಿಂದ (ಸೌಂಡನ್ನ ಕೇಬಲಲ್ಲಿ ನೇರ ಹೊರಗೆ ಕೊಡೋ ಪಿನ್ ಜಾಗ) ಲ್ಯಾಪ್‌ಟಾಪಿಗೆ ಆಡಿಯೋ, ಫೋನಲ್ಲಿ ವಿಡಿಯೋ. 70ರ ದಶಕದ ಒಂದು ಉದ್ದನೆ ರಾಕ್ ಬಲ್ಲಾಡ್ ನುಡಿಸಿ ಎರಡೂ ಸೇರಿಸಿದ್ರೆ ಶುರುವಲ್ಲಿ ಪಕ್ಕಾ, ಕೊನೆ ಕೋರಸ್ ಹೊತ್ತಿಗೆ ಬೆರಳು ಎದ್ದಮೇಲೆ ಸೌಂಡ್ ಬರತ್ತೆ.

ಆಡಿಯೋ ಸ್ವಲ್ಪ ಬೇಗ ಬರೋ ಹಾಗೆ ಸರಿಸಿದೆ, ಆಗ ಶುರು ಕೆಡ್ತು. ಎಂಪಿ3 ಬಿಟ್ಟು ವೇವ್ ಮಾಡಿದೆ, ಎಡಿಟರ್ ಬದಲಾಯಿಸಿದೆ, ಕೇಬಲ್ ಬದಲಾಯಿಸಿದೆ, ಏನೂ ಆಗ್ಲಿಲ್ಲ.

ಕಾರಣ ಏನಂದ್ರೆ ಫೋನು ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದು) ಒಂದೇ ಸಮ ಇಡಲ್ಲ, ಬೆಳಕು ಕಮ್ಮಿ ಆದ್ರೆ ಇಳಿಸತ್ತೆ. ಜೊತೆಗೆ ಫೋನಿನ ಕ್ಲಾಕು ಲ್ಯಾಪ್‌ಟಾಪ್ ಕ್ಲಾಕು ಒಂದೇ ವೇಗದಲ್ಲಿ ಓಡಲ್ಲ.

ಕೆಲಸ ಮಾಡಿದ್ದು ಇದು, ಆರ್ಡರ್ ತಪ್ಪಿಸ್ಬೇಡಿ. ಆಡಾಸಿಟಿಲಿ (ಲ್ಯಾಪ್‌ಟಾಪಲ್ಲಿ ಆಡಿಯೋ ರೆಕಾರ್ಡ್, ಎಡಿಟ್ ಮಾಡೋ ಸಾಫ್ಟ್‌ವೇರ್) ಪ್ರಾಜೆಕ್ಟ್ ರೇಟ್, ಅಂದ್ರೆ ಸೆಕೆಂಡಿಗೆ ಎಷ್ಟು ಸೌಂಡ್ ಸ್ಯಾಂಪಲ್ ಅನ್ನೋದು, 48000 ಇಡಿ. ಹಾಡಿಗೆ ಮುಂಚೆ ಒಂದ್ಸಲ, ಮುಗಿದ ಮೇಲೆ ಒಂದ್ಸಲ ಬಲತುದಿ ಕೀನ ಟಕ್ ಅಂತ ಹೊಡೀರಿ (ಚಪ್ಪಾಳೆ ಬೇಡ, ಲೈನ್ ಔಟಿಗೆ ಅದು ಕೇಳ್ಸಲ್ಲ), ಪಿಯಾನೊ ಸ್ಪೀಕರ್ ಆನ್ ಇರ್ಲಿ, ಫೋನ್ ಮೈಕಿಗೂ ಬೀಳ್ಬೇಕು. ಫೋನ್ ಫೈಲನ್ನ ನೇರ ಎಡಿಟರಿಗೆ ಹಾಕ್ದೆ ಮೊದಲು ಹ್ಯಾಂಡ್‌ಬ್ರೇಕಲ್ಲಿ (ವಿಡಿಯೋ ಕನ್ವರ್ಟ್ ಮಾಡೋ ಸಾಫ್ಟ್‌ವೇರ್) ವಿಡಿಯೋ ಟ್ಯಾಬ್, ಫ್ರೇಮ್‌ರೇಟ್ 30, ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆರಿಸಿ ಕನ್ವರ್ಟ್ ಮಾಡಿ, ಮುಖ್ಯ ಇದೇ, ಅರ್ಧಕ್ಕಿಂತ ಜಾಸ್ತಿ ತೊಂದ್ರೆ ಇಲ್ಲೇ ಹೋಯ್ತು. ಆಮೇಲೆ ಆ ವಿಡಿಯೋದಲ್ಲಿ ಮೊದಲ ಟಕ್‌ನಿಂದ ಕೊನೆ ಟಕ್‌ವರೆಗೆ ಎಷ್ಟು ಸಮಯ ಅಂತ ಬರ್ಕೊಳ್ಳಿ, ಆಡಾಸಿಟಿಲೂ ಮೊದಲ ಟಕ್‌ನಿಂದ ಕೊನೆ ಟಕ್‌ವರೆಗಿನ ಭಾಗ ಮಾತ್ರ ಉಳಿಸಿ, ಅದನ್ನ ಸೆಲೆಕ್ಟ್ ಮಾಡಿ ಚೇಂಜ್ ಸ್ಪೀಡಲ್ಲಿ (ಹೊಸ ವರ್ಷನ್ನಲ್ಲಿ ಚೇಂಜ್ ಸ್ಪೀಡ್ ಆಂಡ್ ಪಿಚ್) ನ್ಯೂ ಲೆಂತ್ ಅಂತ ಇರೋ ಜಾಗಕ್ಕೆ ಆ ಸಮಯ ಹಾಕಿ. ಚೇಂಜ್ ಟೆಂಪೊ ಬೇಡ, ಪೆಡಲ್ ಹಿಡಿದ ಸ್ವರಗಳು ನಡುಗ್ತವೆ. ಸ್ಪೀಡಲ್ಲಿ ಆಗೋ ಶ್ರುತಿ ವ್ಯತ್ಯಾಸ ಕಿವಿಗೆ ಗೊತ್ತಾಗದಷ್ಟು ಚಿಕ್ಕದು.

ಕೊನೆಗೆ ಎಡಿಟರಲ್ಲಿ ವಿಡಿಯೋದ ಮೊದಲ ಟಕ್ಕು, ಆಡಿಯೋದ ಮೊದಲ ಟಕ್ಕು ಒಂದೇ ಜಾಗಕ್ಕೆ ಬರೋ ಹಾಗೆ ಸೇರಿಸಿ, ಫೋನ್ ಆಡಿಯೋ ಮ್ಯೂಟ್ ಮಾಡಿ ಎಕ್ಸ್‌ಪೋರ್ಟ್ ಮಾಡಿ, ಅಲ್ಲೂ 30 ಫ್ರೇಮ್, 48000ನೇ ಇರ್ಲಿ.