ಕಿತ್ತೂರು ಉತ್ಸವಕ್ಕೆ ಹೋಗುವವರಿಗೆ

1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೈನ್ಯವು ಧಾರವಾಡದ ಕಲೆಕ್ಟರ್ ಥ್ಯಾಕರೆಯ ಪಡೆಯನ್ನು ಸೋಲಿಸಿದ ನೆನಪಿಗಾಗಿ ಪ್ರತಿವರ್ಷ ಅಕ್ಟೋಬರ್ 23ರಿಂದ 25ರವರೆಗೆ ಕಿತ್ತೂರು ಉತ್ಸವ ನಡೆಯುತ್ತದೆ. ಮೂರು ದಿನವೂ ಉಳಿಯಲಾಗದವರು ಮೊದಲ ದಿನವನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ವೀರಜ್ಯೋತಿಯ ಸ್ವಾಗತ ಮತ್ತು ಜಾನಪದ ಕಲಾತಂಡಗಳ ಮೆರವಣಿಗೆಯನ್ನು ತಪ್ಪಿಸಿಕೊಳ್ಳಬಾರದು. ಊರು ಧಾರವಾಡ–ಬೆಳಗಾವಿ ಹೆದ್ದಾರಿಗೆ ಹತ್ತಿರವಿರುವುದರಿಂದ ಎರಡೂ ಕಡೆಯಿಂದ ಬಸ್ಸಿನಲ್ಲಿ ಬರಬಹುದು. ವಸತಿಯನ್ನು ಆ ನಗರಗಳಲ್ಲಿ ಮೊದಲೇ ಗೊತ್ತುಮಾಡಿಕೊಳ್ಳಿ.

ಜನಸಂದಣಿ ಹೆಚ್ಚುವ ಮೊದಲೇ, ಬೆಳಗಿನ ಹೊತ್ತಿನಲ್ಲಿ ಕೋಟೆಯನ್ನು ನೋಡಿ ಮುಗಿಸಿ. ಅರಮನೆಯ ಚಾವಣಿ ಇಂದು ಉಳಿದಿಲ್ಲವಾದರೂ, ದಪ್ಪ ಗೋಡೆಗಳ ನಡುವೆ ನಿಧಾನವಾಗಿ ನಡೆಯುತ್ತಾ ಹೋದರೆ ಕೋಣೆಗಳ ವಿನ್ಯಾಸ ಸ್ಪಷ್ಟವಾಗಿ ತಿಳಿಯುತ್ತದೆ; ಧ್ರುವ ನಕ್ಷತ್ರವನ್ನು ನೋಡಲೆಂದು ಗೋಡೆಯಲ್ಲಿ ಬಿಟ್ಟಿರುವ ಕಿಂಡಿಯನ್ನು ಮಕ್ಕಳಿಗೆ ತಪ್ಪದೆ ತೋರಿಸಿ, ಒಂದು ಕಣ್ಣು ಮುಚ್ಚಿ ಅದರೊಳಗೆ ನೋಡುವಂತೆ ಹೇಳಿ. ಕೋಟೆಯ ಆವರಣದಲ್ಲಿಯೇ ವಸ್ತುಸಂಗ್ರಹಾಲಯವಿದೆ. ಶಿಥಿಲ ಗೋಡೆಗಳನ್ನು ಯಾರೂ ಹತ್ತಬಾರದು. ಉಳಿದಿರುವಷ್ಟನ್ನಾದರೂ ಕಾಪಾಡಿಕೊಳ್ಳುವುದು ನಮ್ಮ ಹೊಣೆ.

ಸಂಜೆ ವೇದಿಕೆಯ ಕಾರ್ಯಕ್ರಮಗಳಿರುತ್ತವೆ. ಮರುದಿನ ಬಿಡುವಿದ್ದರೆ ಬೈಲಹೊಂಗಲಕ್ಕೆ ಹೋಗಿ, 1829ರಲ್ಲಿ ಸೆರೆಯಲ್ಲಿಯೇ ತೀರಿಕೊಂಡ ಚೆನ್ನಮ್ಮನ ಸಮಾಧಿಯ ದರ್ಶನ ಪಡೆಯಿರಿ.